ಯಲ್ಲವ್ವ ಹೇಳದ ಹೆಸರು

ನನ್ನ ತಂಗಿಯ ಮೊಮ್ಮಗಳು ಶೈಲಾ ಈ ವರ್ಷ ಹುನಗುಂದದ ತಾಲ್ಲೂಕು ಕಚೇರಿಯಲ್ಲಿ ಚುನಾವಣಾ ವಿಭಾಗಕ್ಕೆ ಸೇರಿದ್ದಾಳೆ. ಬಹಳ ವರ್ಷ ನಾನು ಕೂತು ಸವೆಸಿದ ಜಾಗಕ್ಕೇ ಬಂದಿದ್ದಾಳೆ. ಹೋದ ವಾರ ಮನೆಗೆ ಬಂದಿದ್ದಳು. ಚಹಾ ಕುಡಿಯುತ್ತ, "ಅಜ್ಜಾ, ನಾಮಪತ್ರ ತಗೊಳ್ಳೂದ್ರಾಗ ಅಂಥಾದ್ದೇನ ಐತಿ? ಏನೇನ ನೋಡಬೇಕು ಅಂತ ಹಾಳಿ ಮ್ಯಾಲ ಬರದ ಕೊಟ್ಟಾರ. ಟಿಕ್ ಹಾಕ್ಕೋತ ಹೋಗೂದಷ್ಟ," ಅಂದಳು.

ನಮ್ಮ ಮನೆಯವಳು ಇದ್ದಿದ್ದರೆ ಇದಕ್ಕೆ ಉತ್ತರ ಅಡುಗೆಮನೆಯಿಂದಲೇ ಬರುತ್ತಿತ್ತು. ಕಮಲವ್ವ ಹೋಗಿ ಎಂಟು ತಿಂಗಳಾಯಿತು. ಹಾಗಾಗಿ ಉತ್ತರ ನಾನೇ ಬರೆಯಬೇಕಾಗಿದೆ. ನಾನು ಮ್ಯಾಟ್ರಿಕ್‌ವರೆಗೆ ಓದಿದವನು. ಟಿಪ್ಪಣಿ ಬರೆದು ರೂಢಿ, ಕಥೆ ಬರೆದು ಅಲ್ಲ. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ಬಂದಾಗಲೆಲ್ಲ ತಡವಾಗಿ ಬಂತು, ಬಂದ ಮೇಲೂ ಅದೇ ಕೆಲಸ ಮಾಡಿಸಿತು.

ಚುನಾವಣೆ ಅಂದರೆ ಜನ ಮತದಾನದ ದಿನವನ್ನೇ ನೆನೆಯುತ್ತಾರೆ. ನನ್ನ ಚುನಾವಣೆ ಅದಕ್ಕೂ ಮೊದಲೇ, ಒಂದು ಟೇಬಲ್ಲಿನ ಮೇಲೆ ಮುಗಿದುಹೋಗುತ್ತಿತ್ತು. ಅಭ್ಯರ್ಥಿ ಎಷ್ಟೇ ದೊಡ್ಡವನಿರಲಿ, ತನ್ನ ಹೆಸರನ್ನು ತಾನೇ ಸೂಚಿಸುವಂತಿಲ್ಲ. ಅದೇ ಕ್ಷೇತ್ರದ ಮತದಾರನೊಬ್ಬ ಸೂಚಕನಾಗಿ ಸಹಿ ಹಾಕಬೇಕು. ಆ ಸೂಚಕನ ಹೆಸರು ಮತದಾರರ ಯಾದಿಯಲ್ಲಿ ಅದೇ ಕ್ಷೇತ್ರದ ಪುಟದಲ್ಲಿ ಇರಬೇಕು. ಓದು ಬಾರದವನಾದರೆ ಅಧಿಕಾರಿಯ ಎದುರಿಗೇ ಹೆಬ್ಬೆಟ್ಟು ಒತ್ತಬೇಕು, ಮನೆಯಲ್ಲಿ ಒತ್ತಿ ತಂದರೆ ನಡೆಯುವುದಿಲ್ಲ. ನಾವು ನಡೆಸುತ್ತಿದ್ದ ಚುನಾವಣೆಗಳಲ್ಲಿ ಒಂದು ಸ್ಥಾನಕ್ಕೆ ಒಬ್ಬ ಮತದಾರ ಒಬ್ಬನನ್ನಷ್ಟೇ ಸೂಚಿಸಬಹುದಿತ್ತು. ಇಬ್ಬರಿಗೆ ಸಹಿ ಹಾಕಿದರೆ ಮೊದಲು ಬಂದ ನಾಮಪತ್ರಕ್ಕಷ್ಟೇ ಬೆಲೆ. ನಾಲ್ಕೇ ಮಾತಿನ ನಿಯಮ. ಆದರೆ ನಮ್ಮ ಸೀಮೆಯ ಜನರನ್ನು ನೋಡದವರು ಯಾರೋ ಅದನ್ನು ಬರೆದಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಬಾದಾಮಿ ಕಚೇರಿಯಲ್ಲಿದ್ದೆ. ನನ್ನ ಮೇಲೆ ಶಿರಸ್ತೇದಾರ ವಾಮನರಾಯರು. ನಶ್ಯ ಏರಿಸಿ, ಸೀನು ಬರುವುದಕ್ಕೆ ಕಾದು, ಸೀನಿದ ಮೇಲೆ ತೀರ್ಪು ಹೇಳುವ ಮನುಷ್ಯ. ಕೆರೂರಿನ ಪಂಚಾಯಿತಿಯ ಒಂದು ಸ್ಥಾನಕ್ಕೆ ನಾಮಪತ್ರ ಕೊಡುವ ಕೊನೆಯ ದಿನ, ಮಧ್ಯಾಹ್ನ ಮೂರಕ್ಕೆ ಗಡುವು. ಹನ್ನೊಂದಕ್ಕೆ ಒಬ್ಬ ಬಂದು ಕೊಟ್ಟ. ಸೂಚಕ ಕಿರಾಣಿ ಅಂಗಡಿಯ ಮಾಲಿಂಗಪ್ಪ. ಹನ್ನೆರಡಕ್ಕೆ ಇನ್ನೊಬ್ಬ ಬಂದ. ಸೂಚಕ ಅದೇ ಮಾಲಿಂಗಪ್ಪ.

"ಈ ಸಹಿ ಆಗ್ಲೇ ಖರ್ಚ ಆಗೇತಿ," ಅಂದೆ.

"ಖರ್ಚ ಹೆಂಗ ಆಗತೈತ್ರಿ? ನಿನ್ನಿ ನನ್ನ ಮುಂದ ಮಾಡ್ಯಾನ!"

"ಮೊನ್ನಿ ಇವರ ಮುಂದ ಮಾಡ್ಯಾನ," ಎಂದು ಬೆಂಚಿನ ಮೇಲಿದ್ದ ಮೊದಲನೆಯವನನ್ನು ತೋರಿಸಿದೆ. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿರುವಾಗ ಮೂರನೆಯವನು ಒಳಗೆ ಬಂದ. ಅವನು ಜಾಣ, ಸಹಿಯನ್ನಷ್ಟೇ ಅಲ್ಲದೆ ಮಾಲಿಂಗಪ್ಪನನ್ನೇ ಬಸ್ಸಿನಲ್ಲಿ ಕೂರಿಸಿಕೊಂಡು ತಂದಿದ್ದ. ಬೆಂಚಿನ ಮೇಲಿದ್ದ ಇಬ್ಬರನ್ನೂ ಕಂಡ ಮಾಲಿಂಗಪ್ಪ ಬಾಗಿಲಲ್ಲೇ ಚಪ್ಪಲಿ ಹುಡುಕುವ ನೆಪ ಮಾಡಿ ಬಗ್ಗಿದ.

ವಾಮನರಾಯರು ಸೀನಿದರು. "ಏನೋ ಮಾಲಿಂಗಪ್ಪ, ಒಂದು ಖುರ್ಚಿಗೆ ಮೂರು ಮಂದೀನ ಕೂಡಸ್ತೀಯೇನು?"

"ಏನ್ ಮಾಡ್ಲಿ ಸಾಹೇಬ್ರ, ಮೂರೂ ಮಂದಿ ನನ್ನ ಗಿರಾಕಿ. ಒಲ್ಲೆ ಅಂದ್ರ ಬ್ಯಾರೆ ಅಂಗಡಿಗೆ ಹೊಕ್ಕಾರ."

"ಮತ್ತ ವೋಟು ಹಾಕೂ ಮುಂದ ಏನ್ ಮಾಡ್ತಿ?"

"ಅದಕ್ಕ ಪರದಾ ಇರತೈತೆಲ್ರಿ," ಅಂದ ಮಾಲಿಂಗಪ್ಪ, ದೇವರ ಮುಂದೆ ನಿಂತಷ್ಟು ಭಕ್ತಿಯಿಂದ.

ಉಳಿದ ಇಬ್ಬರೂ ಮೂರು ಗಂಟೆ ಹೊಡೆಯುವುದರೊಳಗೆ ಬೇರೆ ಸೂಚಕರನ್ನು ಹುಡುಕಲು ಓಡಿದರು. ಶೈಲಾ, ಇದನ್ನು ನೆನಪಿಡು. ಮತದಾನಕ್ಕೆ ಪರದೆ ಇದೆ, ನಾಮಪತ್ರಕ್ಕೆ ಇಲ್ಲ. ಒಲ್ಲೆ ಅನ್ನಲಾರದ ಒಳ್ಳೆಯ ಮನುಷ್ಯ ಪ್ರತಿ ಊರಲ್ಲೂ ಒಬ್ಬ ಇರುತ್ತಾನೆ. ಅವನ ಹೆಸರು ಮೊದಲೇ ತಿಳಿದುಕೊಂಡಿರು.

ಇನ್ನು ನಾನು ಮಾಡಿದ ತಪ್ಪು. ಅದೇ ಬಾದಾಮಿಯಲ್ಲಿ, ಪಟ್ಟದಕಲ್ಲಿನ ಕಡೆಯಿಂದ ಸಿದ್ದಪ್ಪ ಎಂಬ ಮುದುಕರು ಅಣ್ಣನ ಮಗನಿಗೆ ಸೂಚಕರಾಗಿ ಬಂದರು. ಗಡಿಯಾರದಲ್ಲಿ ಮೂರಕ್ಕೆ ಹದಿನೈದು ನಿಮಿಷ ಇತ್ತು. ತಲೆಗೆ ಪಟಕಾ ಸುತ್ತಿದ, ಕೈಯೆಲ್ಲ ಬಿರುಕು ಬಿಟ್ಟ ಮನುಷ್ಯ. ನಾನು ಒಂದು ಮಾತೂ ಕೇಳದೆ ಅವರ ಹೆಬ್ಬೆರಳು ಹಿಡಿದು ಮಸಿಯ ಪ್ಯಾಡಿಗೆ ಒತ್ತಿದೆ. ಮುದುಕರು ಕೈ ಎಳೆದುಕೊಂಡು ಬೆರಳಿನ ಮಸಿಯನ್ನು ನನ್ನ ಅಂಗಿಯ ತೋಳಿಗೇ ಒರೆಸಿದರು.

"ಯಾಕ್ರಿ, ನನಗ ಸಹಿ ಬರೂದಿಲ್ಲಂತ ನಿಮಗ ಯಾರ ಹೇಳ್ಯಾರ? ಆರು ತಿಂಗಳು ರಾತ್ರಿ ಸಾಲಿಗೆ ಹೋಗೇನಿ!"

ಅಣ್ಣನ ಮಗ ಗಡಿಯಾರ ನೋಡಿ ಬೆವರುತ್ತಿದ್ದ. "ಕಾಕಾ, ನಿನ್ನ ಕಾಲ ಬೀಳ್ತೇನಿ, ಹೆಬ್ಬೆಟ್ಟ ಒತ್ತಿ ಬಿಡು."

"ಒತ್ತಿದ್ರ ಮಾಸ್ತರಗ ಹೆಂಗ ಮಾರಿ ತೋರಸ್ಲಿ? ನೀ ಆರಿಸಿ ಬಂದ್ರ ಐದು ವರ್ಷ. ನನ್ನ ಅಕ್ಷರ ಸಾಯೂತನಕ."

ಮುದುಕರು ಪೆನ್ನು ಹಿಡಿದರು. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು ಬರೆದರು. ಹೆಸರಾಯಿತು, ಅಪ್ಪನ ಹೆಸರಾಯಿತು. ಇನ್ನೇನು ಮುಗಿಯಿತು ಅನ್ನುವಾಗ ಊರಿನ ಹೆಸರೂ ಶುರುವಾಯಿತು. ಸಹಿ ತನ್ನ ಚೌಕ ದಾಟಿ, ಪಕ್ಕದ ಚೌಕ ದಾಟಿ, ಹಾಳೆಯ ಅಂಚಿಗೆ ಬಂದು ಬಗ್ಗಿ ಕೆಳಗಿಳಿಯಿತು. ಮೂರಕ್ಕೆ ಎರಡು ನಿಮಿಷ ಇರುವಾಗ ಮುದುಕರು ತಲೆ ಎತ್ತಿದರು. ನಾನು ವಾಮನರಾಯರ ಮುಖ ನೋಡಿದೆ. ಅವರು ನಶ್ಯದ ಡಬ್ಬಿ ಮುಚ್ಚಿ, "ಸಹಿ ಗೆರೆ ದಾಟಬಾರದು ಅಂತ ನಿಯಮದಾಗ ಎಲ್ಲೂ ಇಲ್ಲ. ಇಲ್ಲದ್ದನ್ನ ನಾವು ಕೂಡಸಬಾರದು. ತಗೋ," ಅಂದರು. ನಾನು ಇಡೀ ನೌಕರಿಯಲ್ಲಿ ಕಲಿತ ಪಾಠ ಅದೊಂದೇ ಇರಬೇಕು.

ಆ ದಿನ ಮನೆಗೆ ಹೋದರೆ ಕಮಲವ್ವ ನನ್ನ ತೋಳು ಹಿಡಿದು ನೋಡಿದಳು. "ಮಂದಿ ಬೆರಳಿಗೆ ಮಸಿ ಹಚ್ಚಿಸಿಕೊಂಡ ಬರ್ತಾರ. ನೀವೇನ್ರಿ, ತೋಳಿಗೆ?" ಆ ಅಂಗಿ ಎಷ್ಟು ತೊಳೆದರೂ ಸ್ವಚ್ಛವಾಗಲಿಲ್ಲ. ಅದನ್ನೇ ಹಾಕಿಕೊಂಡು ಹೋಗಲು ಹೇಳಿದಳು. ಮುಂದಿನ ಸಲ ಯಾರ ಬೆರಳಾದರೂ ಹಿಡಿಯುವ ಮೊದಲು ತೋಳು ನೋಡಿಕೊಳ್ಳುತ್ತೇನೆ ಅಂತ ಅವಳ ಲೆಕ್ಕ. ಲೆಕ್ಕ ತಪ್ಪಲಿಲ್ಲ.

ಮುಂದೆ ನನಗೆ ಹುನಗುಂದಕ್ಕೆ ವರ್ಗವಾಯಿತು. ಎಂಬತ್ತರ ದಶಕದಲ್ಲಿ ಮಂಡಲ ಪಂಚಾಯಿತಿಗಳು ಬಂದವು. ಹೆಂಗಸರಿಗೆಂದೇ ಸ್ಥಾನಗಳನ್ನು ಮೀಸಲಿಟ್ಟರು. ಅಲ್ಲಿಯವರೆಗೆ ನಮ್ಮ ಕಚೇರಿಗೆ ಹೆಂಗಸರು ಬರುತ್ತಿದ್ದದ್ದು ವಿಧವಾ ವೇತನಕ್ಕೆ ಮಾತ್ರ. ಆ ವಾರ ಅಂಗಳದ ತುಂಬ ಇಳಕಲ್ಲ ಸೀರೆ. ಯಾರ ಸೆರಗಿನ ಬಣ್ಣ ಪಕ್ಕಾ ಅನ್ನುವ ಚರ್ಚೆಯಲ್ಲಿ ನಾವು ಕೂಗಿದ ಹೆಸರು ಯಾರಿಗೂ ಕೇಳುತ್ತಿರಲಿಲ್ಲ.

ನಮ್ಮ ಚುನಾವಣಾಧಿಕಾರಿ ಮೈಸೂರು ಕಡೆಯವರು, ಹೊಸ ಹುಡುಗ. ಪ್ರಾಮಾಣಿಕರು. ನಿಯಮದ ಪುಸ್ತಕ ಕಂಠಪಾಠ. ನಾವು ಮಾತಾಡಿದ್ದು ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ನಾನು ತಿಳಿಸುತ್ತಿದ್ದೆ. ಕೆಲವೊಮ್ಮೆ ನನಗೆ ಬೇಕಾದಂತೆ ತಿಳಿಸುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಂಡರೆ ಪಿಂಚಣಿಗೇನೂ ಧಕ್ಕೆಯಾಗಲಿಕ್ಕಿಲ್ಲ.

ಕಮತಗಿ ಹತ್ತಿರದ ಒಂದು ಹಳ್ಳಿಯಿಂದ ನೀಲವ್ವ ಎಂಬ ಸೂಲಗಿತ್ತಿ ನಿಂತಿದ್ದಳು. ಊರಿನ ಅರ್ಧ ಜನರನ್ನು ತನ್ನ ಕೈಯಲ್ಲೇ ಹಿಡಿದು ಈ ಲೋಕಕ್ಕೆ ತಂದವಳು. ತನ್ನ ಓಣಿಗೆ ಒಂದು ನೀರಿನ ನಳ ತರಿಸಬೇಕು, ಇಷ್ಟೇ ಅವಳ ರಾಜಕೀಯ. ಅವಳ ಎದುರು ಹಳೆಯ ಚೇರ್ಮನ್ನರ ನಾದಿನಿ ಶಿವಗಂಗವ್ವ. ಇಬ್ಬರೇ ಅಭ್ಯರ್ಥಿಗಳು. ನೀಲವ್ವನ ನಾಮಪತ್ರ ಬಿದ್ದರೆ ಶಿವಗಂಗವ್ವ ಮನೆಯಿಂದ ಹೊರಗೆ ಕಾಲಿಡದೆ ಗೆದ್ದಂತೆ.

ನಾಮಪತ್ರಗಳ ಪರಿಶೀಲನೆಯ ದಿನ ಶಿವಗಂಗವ್ವನೂ ಬಂದಿದ್ದಳು. ಅವಳ ಪರವಾಗಿ ಮೈದುನ ಬಸಣ್ಣ ಎದ್ದು ನಿಂತು ತಕರಾರು ತೆಗೆದ. ನೀಲವ್ವನ ಸೂಚಕಿ ಯಲ್ಲವ್ವ. ಊರಿನ ಯಾದಿಯಲ್ಲಿ ಯಲ್ಲವ್ವ ಇಬ್ಬರು. ಫಕೀರಪ್ಪನ ಹೆಂಡತಿ ಯಲ್ಲವ್ವ ನೀಲವ್ವನ ಕ್ಷೇತ್ರದವಳು. ದುರಗಪ್ಪನ ಹೆಂಡತಿ ಯಲ್ಲವ್ವ ಪಕ್ಕದ ಕ್ಷೇತ್ರದವಳು. ಹೆಬ್ಬೆಟ್ಟು ಒತ್ತಿದ್ದು ಎರಡನೆಯವಳು, ಆದ್ದರಿಂದ ನಾಮಪತ್ರ ಅಸಿಂಧು ಮಾಡಬೇಕು ಎಂದು ಬಸಣ್ಣನ ವಾದ. ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು. ಆದರೆ ಫಕೀರಪ್ಪ ಕುರಿ ಹಿಂಡಿನ ಜೊತೆ ಎಲ್ಲೋ ದೂರ ಹೋಗಿದ್ದ, ಊರಿನ ದಾಖಲೆ ನೋಡುವ, ಗುರುತು ಹೇಳಬಲ್ಲ ತಲಾಠಿ ಬೇರೆ ಕಡೆ ಚುನಾವಣಾ ಕೆಲಸಕ್ಕೆ ಹೋಗಿದ್ದ. ಇದೆಲ್ಲ ಬಸಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಸಾಹೇಬರು ಯಲ್ಲವ್ವನನ್ನು ಕರೆದರು. ಹಣೆತುಂಬ ಅರಿಶಿನದ ಭಂಡಾರ ಹಚ್ಚಿಕೊಂಡ, ಕುರುಬರ ದೇವರು ಬೀರಪ್ಪನ ಒಕ್ಕಲಿನ ಹೆಣ್ಣುಮಗಳು. ಸೆರಗು ಮುಂದೆ ಎಳೆದುಕೊಂಡು ನಿಂತಳು.

"ನಿಮ್ಮ ಯಜಮಾನರ ಹೆಸರೇನಮ್ಮ?"

ಯಲ್ಲವ್ವ ನೆಲ ನೋಡಿದಳು.

"ಹೆದರಬೇಡಿ. ಹೆಸರು ಹೇಳಿ, ಸಾಕು."

ಯಲ್ಲವ್ವ ನಕ್ಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಿಂದೆ ನಿಂತ ಹೆಂಗಸರು ಕಿಸಕ್ಕೆಂದರು. ಸಾಹೇಬರು ಮೂರನೆಯ ಸಲ ಕೇಳಿದರು. ನಾಲ್ಕನೆಯ ಸಲ ಸ್ವಲ್ಪ ಗಟ್ಟಿಯಾಗಿ ಕೇಳಿದರು. ಆಕೆಯ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಹೆಸರು ಬರಲಿಲ್ಲ.

"ನೋಡ್ರಿ, ಗಂಡನ ಹೆಸರ ಗೊತ್ತಿಲ್ಲ!" ಅಂದ ಬಸಣ್ಣ. "ಬಾಯಿಪಾಠ ಮಾಡಿಸಿ ಕರಕೊಂಡ ಬಂದಾರ, ಇಲ್ಲಿ ಬಂದು ಮರತಾಳ."

ಸಾಹೇಬರು ನನ್ನ ಕಡೆ ಬಗ್ಗಿ ಮೆಲ್ಲಗೆ, "ಸ್ವಂತ ಗಂಡನ ಹೆಸರು ಹೇಳಲಾರದ ಹೆಂಗಸನ್ನು ನಾನು ಹೇಗೆ ನಂಬಲಿ? ಅಸಿಂಧು ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲ," ಅಂದರು. ನೀಲವ್ವ ಟೇಬಲ್ಲಿನ ಅಂಚು ಹಿಡಿದುಕೊಂಡಿದ್ದಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ ಎಂದು ನಾನು ವಿವರಿಸಲು ಶುರುಮಾಡಿದೆ. ಬಸಣ್ಣ ನಡುವೆ ಬಾಯಿ ಹಾಕಿ, "ಪದ್ಧತಿ ಊರಾಗ. ಇದು ಕಚೇರಿ," ಅಂದ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಗಿಲ ಕಡೆಯಿಂದ ದನಿ ಬಂತು.

"ಹಂಗ ಕೇಳಿದ್ರ ಯಾರ ಹೇಳ್ತಾರ್ರಿ ಸಾಹೇಬ್ರ? ಒಡಪು ಹಾಕಿಸ್ರಿ!"

ದನಿ ಕಮಲವ್ವನದು. ನಮ್ಮ ಬಾಡಿಗೆ ಮನೆ ಕಚೇರಿಯ ಹಿಂದೆಯೇ ಇತ್ತು. ಪರಿಶೀಲನೆಯ ದಿನ ನಾನು ಊಟಕ್ಕೆ ಏಳುವುದಿಲ್ಲವೆಂದು ಬುತ್ತಿ ತಂದಿದ್ದಳು. ತಂದವಳು ಸಿಪಾಯಿಯ ಕೈಗೆ ಕೊಟ್ಟು ಹೋಗಬೇಕಿತ್ತು. ಕೊಡದೆ, ಹೋಗದೆ, ಎಲ್ಲವನ್ನೂ ನಿಂತು ಕೇಳಿದ್ದಳು.

"ಯಾರದು?" ಅಂದರು ಸಾಹೇಬರು.

"ಸಾರ್ವಜನಿಕರು, ಸರ್," ಅಂದೆ. ಅದು ಸುಳ್ಳೇನಲ್ಲ.

"ಒಡಪು ಅಂದರೆ?"

ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದೊಳಗೆ ಸೇರಿಸಿ ಹೇಳುತ್ತಾರೆ, ಹಾಗೆ ಹೇಳಿದರೆ ದೋಷವಿಲ್ಲ ಎಂದೆ. ಬಸಣ್ಣ ಎದ್ದು, "ಹಾಡಿನ್ಯಾಗ ಹೇಳಿದ್ರ ಅದು ಸಾಕ್ಷಿ ಹೆಂಗ ಆಗತೈತ್ರಿ?" ಅಂದ. ಸಾಹೇಬರು ಸ್ವಲ್ಪ ಯೋಚಿಸಿ ನನ್ನನ್ನು ಕೇಳಿದರು: "ಉತ್ತರ ಗದ್ಯದಲ್ಲೇ ಇರಬೇಕು ಅಂತ ನಿಯಮದಲ್ಲಿ ಇದೆಯಾ?"

ನನಗೆ ನಶ್ಯದ ಡಬ್ಬಿ ಮುಚ್ಚಿದ ಸದ್ದು ಕೇಳಿದಂತಾಯಿತು. "ಎಲ್ಲೂ ಇಲ್ಲ ಸರ್. ಇಲ್ಲದ್ದನ್ನು ನಾವು ಕೂಡಿಸಬಾರದು," ಅಂದೆ.

ಹೆಂಗಸರೆಲ್ಲ, "ಹೇಳ ಯಲ್ಲವ್ವಾ, ಹೇಳ" ಎಂದು ಒಂದೇ ಸಮನೆ ಶುರುಮಾಡಿದರು. ಯಲ್ಲವ್ವ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಸಾಹೇಬರ ಮುಖವನ್ನೇ ನೋಡಿ ಹೇಳಿದಳು:

"ತಾಟಿನ್ಯಾಗ ಸಜ್ಜಿರೊಟ್ಟಿ, ಮ್ಯಾಲ ಗುರೆಳ್ಳ ಚಟ್ನಿ,
ಫಕೀರಪ್ಪನ ಹೆಸರ ಹೇಳಾಕ ಹುನಗುಂದಕ್ಕ ಬಂದ್ನಿ."

ಕಚೇರಿ ಅಂದು ನಕ್ಕಷ್ಟು ಮತ್ತೆಂದೂ ನಗಲಿಲ್ಲ. ಬಸಣ್ಣ ಮಾತ್ರ ಬಿಡಲಿಲ್ಲ. "ಹೇಳಿಕೊಟ್ಟಾರ್ರಿ. ದುರಗಪ್ಪನ ಹೇಣ್ತಿಗೆ ಫಕೀರಪ್ಪ ಅಂತ ಹೇಳಸ್ಯಾರ."

ಇಷ್ಟಕ್ಕೇ ನಾನು ಕಾಯುತ್ತಿದ್ದೆ. "ಸರ್, ಪರ ಗಂಡಸಿನ ಹೆಸರು ಹಾಕಿ ಒಡಪು ಹೇಳುವ ಹೆಂಗಸು ಈ ಸೀಮೆಯಲ್ಲಿ ಇಲ್ಲ. ನನ್ನ ಮಾತು ಬೇಡ, ತಕರಾರು ಮಾಡಿದವರನ್ನೇ ಕೇಳಿ," ಅಂದೆ.

ಸಾಹೇಬರು ಕೇಳಿದರು. "ಬಸಣ್ಣನವರೇ, ನಿಮ್ಮ ಊರಿನ ಹೆಣ್ಣುಮಕ್ಕಳು ಬೇರೆ ಗಂಡಸಿನ ಹೆಸರಲ್ಲಿ ಒಡಪು ಹೇಳುತ್ತಾರೆಯೇ? ನೀವು ಹೌದು ಅಂದರೆ ಹಾಗೆಂದೇ ಬರೆದುಕೊಳ್ಳುತ್ತೇನೆ."

ಬಸಣ್ಣ ಬಾಯಿ ತೆರೆದ. ಹಿಂದಿನಿಂದ ಶಿವಗಂಗವ್ವ, ಅವನ ಸ್ವಂತ ಅತ್ತಿಗೆ, ಅವನ ಅಂಗಿ ಜಗ್ಗಿದಳು. "ಏ ತಮ್ಮಾ, ಹೌದ ಅಂದೀ, ಊರಾಗಿನ ಎಲ್ಲಾ ಹೆಂಗಸರ ಮಾರಿಗೆ ಮಸಿ ಬಳದಂಗ. ನನ್ನನ್ನೂ ಹಿಡದು. ಕುಂದರು ಸುಮ್ಮ. ನಾ ವೋಟಿನ್ಯಾಗ ನೋಡ್ಕೋತೇನಿ."

"ಇಲ್ರಿ ಸಾಹೇಬ್ರ, ಹಂಗ ಹೇಳೂದಿಲ್ಲ," ಅಂದ ಬಸಣ್ಣ, ಮತ್ತು ಕುಳಿತ.

"ನಾಮಪತ್ರ ಸಿಂಧು," ಅಂದರು ಸಾಹೇಬರು. ಯಲ್ಲವ್ವನ ಹೇಳಿಕೆಯನ್ನು ಇದ್ದಂತೆಯೇ ನಡಾವಳಿಯಲ್ಲಿ ಬರೆಯಲು ನನಗೆ ಹೇಳಿದರು. ಬರೆದೆ, ಎರಡೂ ಸಾಲು. ತಿಂಗಳ ನಂತರ ವಿಜಾಪುರದ ಜಿಲ್ಲಾ ಕಚೇರಿಯಿಂದ ಒಂದು ಕಾಗದ ಬಂತು: 'ಸದರಿ ನಡಾವಳಿಯಲ್ಲಿ ಚಟ್ನಿಯ ಉಲ್ಲೇಖವಿದ್ದು, ಅದರ ಪ್ರಸ್ತುತತೆಯನ್ನು ವಿವರಿಸುವುದು.' ಸಾಹೇಬರು ಒಂದೇ ಸಾಲಿನ ಉತ್ತರ ಬರೆಸಿದರು: 'ಪ್ರಾಸಕ್ಕಾಗಿ.' ಮುಂದೆ ಯಾರೂ ಏನೂ ಕೇಳಲಿಲ್ಲ.

ನೀಲವ್ವ ಗೆದ್ದಳು. ನಳವೂ ಬಂತು, ಎರಡು ವರ್ಷ ತಡವಾಗಿ, ಅದೂ ಪಕ್ಕದ ಓಣಿಗೆ. ಅಲ್ಲಿಂದ ತನ್ನ ಓಣಿಗೆ ಅದನ್ನು ಎಳೆಸಿಕೊಂಡ ಕಥೆಯನ್ನು ಅವಳೇ ಬರೆಯಬೇಕು.

ಆ ಸಂಜೆ ಮನೆಯಲ್ಲಿ ನಾನು ತಣ್ಣಗಾದ ಬುತ್ತಿ ಬಿಚ್ಚಿ ಉಂಡೆ. ಕಮಲವ್ವನ ಮೇಲೆ ಸಿಟ್ಟು ಮಾಡಬೇಕೆಂದಿದ್ದೆ, ಆಗಲಿಲ್ಲ.

"ಮಂದಿಗೆ ಒಡಪು ಹಾಕಸಿದಿ. ಈಗ ನೀ ಒಂದು ಹೇಳು ನೋಡೋಣು," ಅಂದೆ. ನಮ್ಮ ಮದುವೆಯಲ್ಲಿ ಅವಳು ಒಡಪು ಹೇಳಿರಲಿಲ್ಲ. ಆವತ್ತು ಅವಳಿಗೆ ಮೈಯೆಲ್ಲ ಜ್ವರ. ಹೆಂಗಸರು ಪಾಪ ಎಂದು ಬಿಟ್ಟುಬಿಟ್ಟಿದ್ದರು.

ಅವಳು ರೊಟ್ಟಿ ಬಡಿಸುತ್ತಾ ಹೇಳಿದಳು: "ನಿಮ್ಮ ನಾಮಪತ್ರ ಇನ್ನಾ ಪರಿಶೀಲನ್ಯಾಗ ಐತ್ರಿ."

ಅದು ನಮ್ಮ ಮನೆಯ ಮಾತಾಯಿತು. ಹಬ್ಬಕ್ಕೊಮ್ಮೆ ಕೇಳುತ್ತಿದ್ದೆ. "ಕಾಗದಪತ್ರ ಸಾಲವಲ್ವು," ಅನ್ನುತ್ತಿದ್ದಳು. ಇನ್ನೊಮ್ಮೆ ಕೇಳಿದರೆ, "ತಕರಾರು ಬಂದಾವ." ಯಾರದು ಅಂದರೆ, "ನಂದ." ನಾನು ನಿವೃತ್ತನಾದ ದಿನ, ಕೊರಳಲ್ಲಿ ಹಾರ ಹಾಕಿಕೊಂಡೇ ಬಂದು ಕೇಳಿದೆ. ಹಾರ ತೆಗೆದು ಬಾಗಿಲಿಗೆ ಹಾಕುತ್ತ, "ಮೂರು ಗಂಟೆ ಆಗಿ ಹೋತು, ನಾಳಿ ಬರ್ರಿ," ಅಂದಳು.

ಹೋದ ವರ್ಷ ಬಾಗಲಕೋಟೆಯ ದವಾಖಾನೆಗೆ ಅವಳನ್ನು ಸೇರಿಸಬೇಕಾಯಿತು. ಬಾಗಿಲ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ಕೂತು ಅರ್ಜಿ ತುಂಬುತ್ತಿದ್ದಳು. ಕಮಲವ್ವ ಗಾಲಿ ಕುರ್ಚಿಯಲ್ಲಿ, ನಾನು ಪಕ್ಕದ ಸ್ಟೂಲಿನ ಮೇಲೆ. ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

"ಅಮ್ಮಾರ, ನಿಮ್ಮ ಮನಿಯವರ ಹೆಸರೇನ್ರಿ?" ಹುಡುಗಿ ಕೇಳಿದಳು.

ನಾನು ಹೇಳಲು ಬಾಯಿ ತೆರೆದೆ. ಕಮಲವ್ವ ಕೈ ಎತ್ತಿ ನನ್ನನ್ನು ತಡೆದಳು. ಸೆರಗು ಸರಿಮಾಡಿಕೊಂಡಳು. ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಹೇಳಿದಳು:

"ಕಾಗದಕ್ಕ ಸಹಿ ಬೇಕು, ಸಹಿಗೆ ಸಾಕ್ಷಿ ಬೇಕು,
ಸಂಗಪ್ಪನವರು ಬಾಜೂಕ ಕುಂತ್ರ ನನಗಷ್ಟ ಸಾಕು."

ಹುಡುಗಿ ನಕ್ಕು ತಲೆ ಬಗ್ಗಿಸಿ ಬರೆದುಕೊಂಡಳು. ಕಮಲವ್ವ ನನ್ನ ಕಡೆ ತಿರುಗಿ, "ಸಿಂಧು ಮಾಡೇನ್ರಿ," ಅಂದಳು. ಮೂವತ್ತಕ್ಕೂ ಹೆಚ್ಚು ವರ್ಷ ತಡೆದಿಟ್ಟ ಕಡತವನ್ನು ಮುಗಿಸಿದ ಮೇಲಧಿಕಾರಿಯ ಗತ್ತಿನಲ್ಲಿಯೇ ಅಂದಳು.

ಆಮೇಲೆ ನಾನು ಆ ಅರ್ಜಿಯನ್ನು ಇಣುಕಿ ನೋಡಿದೆ, ಹಳೆಯ ಚಟ. 'ಗಂಡನ ಹೆಸರು' ಎಂಬಲ್ಲಿ 'ಸಂಗಪ್ಪ' ಎಂದಷ್ಟೇ ಬರೆದಿತ್ತು. ಆ ಚೌಕದಲ್ಲಿ ಅದಕ್ಕಿಂತ ಹೆಚ್ಚಿಗೆ ಜಾಗವೂ ಇರಲಿಲ್ಲ. ಶೈಲಾ, ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಬೇಕು ಎಂದು ನನಗೆ ಕಲಿಸಿದ್ದರು. ಅದಕ್ಕೇ ಎರಡೂ ಸಾಲನ್ನು ಇಲ್ಲಿ ಬರೆದಿದ್ದೇನೆ.